ಬಂದೂಕಿನೆದುರು ಬರಿಗೈಯವರ ಧರ್ಮ

ಗುಂಡಿನ ದಾಳಿ ನಡೆಯುವಾಗ ಸ್ಥಳದಲ್ಲಿರುವ ನಿರಾಯುಧರು ತಿರುಗಿ ಬೀಳಬೇಕೇ ಎಂಬುದರಲ್ಲಿ ಎರಡು ಪ್ರಶ್ನೆಗಳಿವೆ: ಅವರಿಗೆ ಹಾಗೆ ಮಾಡುವ ಹಕ್ಕಿದೆಯೇ? ಮಾಡಲೇಬೇಕಾದ ಕರ್ತವ್ಯವಿದೆಯೇ? ಹಕ್ಕಿನ ಬಗ್ಗೆ ಗೊಂದಲವಿಲ್ಲ. ಭಾರತೀಯ ನ್ಯಾಯ ಸಂಹಿತೆಯ 35ನೇ ಸೆಕ್ಷನ್ ತನ್ನ ದೇಹದಂತೆ ಪರರ ದೇಹವನ್ನೂ ರಕ್ಷಿಸಲು ಅವಕಾಶ ಕೊಡುತ್ತದೆ. ಅಹಿಂಸೆಯೇ ಪರಮಧರ್ಮವೆಂದ ಜೈನರೂ ಗೃಹಸ್ಥರಿಗೆ ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ನಿಷೇಧಿಸಿ, ಆಕ್ರಮಣ ತಡೆಯುವ ವಿರೋಧಿ ಹಿಂಸೆಯನ್ನು ಬೇರೆಯಾಗಿಯೇ ಎಣಿಸಿದರು.

ಕರ್ತವ್ಯದ ಮಾತು ಕಠಿಣ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಗಿರ್‌ಗಾಂವ್ ಚೌಪಾಟಿಯಲ್ಲಿ ತುಕಾರಾಮ್ ಓಂಬ್ಳೆ, ನಗರದ ಮೇಲೆ ದಾಳಿ ಮಾಡಿದ ಭಯೋತ್ಪಾದಕರಲ್ಲೊಬ್ಬನಾದ ಕಸಬ್‌ನ ಬಂದೂಕಿನ ನಳಿಕೆಯನ್ನು ಕೈಯಲ್ಲಿ ಹಿಡಿದರು. ಗುಂಡುಗಳು ಮೈಗೆ ಹೊಕ್ಕರೂ ಬಿಡಲಿಲ್ಲ. ಕಸಬ್ ಜೀವಂತ ಸೆರೆಸಿಕ್ಕ. ಓಂಬ್ಳೆ ಪೊಲೀಸರು, ಆ ಹೊಣೆ ಹೊತ್ತವರು. 2025ರ ಏಪ್ರಿಲ್ 22ರಂದು, ಕನ್ನಡಿಗರೂ ಸೇರಿ 26 ಮಂದಿ ಸತ್ತ ಪಹಲ್ಗಾಮ್ ದಾಳಿಯಲ್ಲಿ ಬಂದೂಕು ಕಸಿಯಲು ಹೋಗಿ ಪ್ರಾಣ ತೆತ್ತರೆಂದು ವರದಿಯಾದ ಸೈಯದ್ ಆದಿಲ್ ಹುಸೇನ್ ಶಾ ಕುದುರೆ ನಡೆಸಿ ಬದುಕುತ್ತಿದ್ದವರು. ಅವರ ತ್ಯಾಗಕ್ಕೆ ತಲೆಬಾಗಲೇಬೇಕು. ಆದರೆ ಅದನ್ನು ಎಲ್ಲರ ಮೇಲೂ ಕಡ್ಡಾಯವಾಗಿ ಹೇರಲಾಗದು. ಮಕ್ಕಳನ್ನು ಎತ್ತಿಕೊಂಡು ಓಡಿದವರನ್ನು ಹೇಡಿಗಳೆನ್ನುವುದು ಅನ್ಯಾಯ.

ಕಾದುವುದು, ಓಡುವುದು ಇವೆರಡೇ ದಾರಿಯೂ ಅಲ್ಲ. ಅಜಂತಾದ 17ನೇ ಗುಹೆಯಲ್ಲಿ, ಬುದ್ಧನ ಪೂರ್ವಜನ್ಮದ ಕಥೆಯಾದ ಮಹಾಕಪಿ ಜಾತಕದ ಚಿತ್ರವಿದೆ. ಬಿಲ್ಲುಗಾರರು ಮರವನ್ನು ಸುತ್ತುವರಿದಾಗ ಕಪಿರಾಜ ಅವರ ಮೇಲೆ ಎರಗುವುದಿಲ್ಲ. ತನ್ನ ಮೈಯನ್ನೇ ಸೇತುವೆ ಮಾಡಿ ಹಿಂಡನ್ನು ದಾಟಿಸುತ್ತಾನೆ. 2008ರ ಅದೇ ರಾತ್ರಿ ಸಿಎಸ್‌ಟಿ ನಿಲ್ದಾಣದಲ್ಲಿ ಗುಂಡು ಹಾರುತ್ತಿದ್ದಾಗ, ರೈಲ್ವೆ ಉದ್ಘೋಷಕ ವಿಷ್ಣು ಝೇಂಡೆ ಮೈಕ್ ಬಿಡದೆ ಪ್ರಯಾಣಿಕರಿಗೆ ಹೊರದಾರಿ ಹೇಳುತ್ತಲೇ ಇದ್ದರು. ಅವರ ಮಾತು ಕೇಳಿ ಹೊರಬಿದ್ದವರು ಬದುಕಿದರು.