ಆಟದಿಂದ ಏನು ಪ್ರಯೋಜನ?

ಅಂಗಡಿಯಲ್ಲಿ ಮಕ್ಕಳ ಆಟಿಕೆಯ ಯಾವ ಡಬ್ಬಿ ತಿರುಗಿಸಿ ನೋಡಿದರೂ ಒಂದು ಭರವಸೆ ಕಾಣುತ್ತದೆ: ಬುದ್ಧಿ ಚುರುಕಾಗುತ್ತದೆ, ಏಕಾಗ್ರತೆ ಹೆಚ್ಚುತ್ತದೆ, ಮಾತು ಬೇಗ ಬರುತ್ತದೆ. ‘ಮಗುವಿಗೆ ಖುಷಿಯಾಗುತ್ತದೆ’ ಎಂದಷ್ಟೇ ಬರೆದ ಡಬ್ಬಿಯನ್ನು ನಾನಂತೂ ನೋಡಿಲ್ಲ. ಅಷ್ಟೇ ಬರೆದಿದ್ದರೆ ನಾವು ಕೊಳ್ಳುತ್ತಿದ್ದೆವೇ ಎಂಬುದೂ ಅನುಮಾನ.

ನನ್ನ ಅಕ್ಕನಿಗೆ ಮೂರು ತುಂಬದ ಮಗಳಿದ್ದಾಳೆ. ಮನೆಯಲ್ಲಿ ಪಿಎಚ್.ಡಿ. ಮಾಡುತ್ತಿರುವವಳು ನಾನೊಬ್ಬಳೇ ಆದ್ದರಿಂದ ಯಾವ ಆಟಿಕೆ ಒಳ್ಳೆಯದು ಎಂದು ನನ್ನನ್ನೇ ಕೇಳುತ್ತಿರುತ್ತಾಳೆ. ಓದಿ ಹೇಳುವ ಮಟ್ಟಿಗೆ ಉತ್ತರ ಕಷ್ಟವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಈ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರ ಸಾರ ಇಷ್ಟು: ಮಿನುಗುವ, ಮಾತಾಡುವ ದುಬಾರಿ ಆಟಿಕೆಗಳು ಬೇಕಿಲ್ಲ, ಮರದ ತುಂಡು, ಗೊಂಬೆ, ಚಿತ್ರ ಜೋಡಿಸುವ ಹಲಗೆ, ಬಣ್ಣದ ಕಡ್ಡಿಯಂಥ ಸರಳ ಸಾಮಾನು ಸಾಕು, ಎಲ್ಲಕ್ಕಿಂತ ಮುಖ್ಯ, ಜೊತೆಗೆ ಕೂತು ಆಡುವ ದೊಡ್ಡವರು. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಬುಗುರಿ, ಗಿಲಕಿ, ಒಂದರ ಮೇಲೊಂದು ಪೇರಿಸುವ ಬಳೆಗಳು ಈ ಪಟ್ಟಿಗೆ ಸಲೀಸಾಗಿ ಸೇರುತ್ತವೆ. ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಚಿಕ್ಕದು ಬೇಡ ಎಂದೂ ಸೇರಿಸಿದರೆ ಅಕ್ಕನಿಗೆ ಉತ್ತರ ಸಿಕ್ಕಿತು.

ನನ್ನ ಪ್ರಶ್ನೆ ಶುರುವಾಗುವುದು ಆಮೇಲೆ. ಬೆಳವಣಿಗೆಗೆಂದೇ ಆಟಿಕೆ ಆರಿಸುವಾಗ, ಮಗು ಆಡುವ ಆಟ ಮಗುವಿನದಾಗಿಯೇ ಉಳಿಯುತ್ತದೆಯೇ?

ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದ ಕಾಂಟ್. ಇಲ್ಲಿನ ತೊಡಕೆಂದರೆ, ನಾವು ಮಗುವನ್ನು ದುಡಿಸುತ್ತಿರುವುದು ಬೇರೆ ಯಾರಿಗೋ ಅಲ್ಲ, ಅದರದೇ ನಾಳೆಗೆ. ಇದರಲ್ಲಿ ತಪ್ಪೇನು? ಬೇಡವೆಂದರೂ ರಾಗಿ ಸರಿ ತಿನ್ನಿಸುತ್ತೇವೆ, ಅತ್ತರೂ ಚುಚ್ಚುಮದ್ದು ಹಾಕಿಸುತ್ತೇವೆ. ಅದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಆದರೆ ಚುಚ್ಚುಮದ್ದಿನ ಅರ್ಥವೆಲ್ಲ ಅದರ ಫಲದಲ್ಲಿದೆ. ಆಟದ ಅರ್ಥ ಆಡುವುದರಲ್ಲೇ ಇದೆ. ನಾಲ್ಕು ತುಂಡು ಪೇರಿಸಿ, ತಾನೇ ಕೆಡವಿ ನಗುವ ಮಗುವಿನ ಪಕ್ಕ ಕೂತು ‘ಇದು ಯಾವ ಬಣ್ಣ ಹೇಳು? ಎಷ್ಟಿವೆ, ಎಣಿಸು’ ಎಂದು ಶುರುಮಾಡಿದರೆ ಆಟ ಪರೀಕ್ಷೆಯಾಗಿಬಿಡುತ್ತದೆ. ಗೊತ್ತಿಲ್ಲದ ನಾಳೆಗಾಗಿ ಬಾಲ್ಯವನ್ನು ಬಲಿಗೊಡುವ ಶಿಕ್ಷಣ ಕ್ರೂರವೆಂದು ರೂಸೋ 1762ರ ‘ಎಮಿಲ್’ನಲ್ಲಿ ವಾದಿಸಿದ್ದ. ಅನೇಕ ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತಿದ್ದ ಕಾಲ ಅದು. ಇಂದಿನ ಸ್ಥಿತಿ ಬೇರೆ. ಆದರೂ ಮೂರನೆಯ ವರ್ಷ ಇರುವುದು ನಾಲ್ಕನೆಯ ವರ್ಷಕ್ಕೆ ತಯಾರಾಗಲು ಮಾತ್ರವೇ?

ರಷ್ಯದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಕೋಲನ್ನೇ ಕುದುರೆ ಮಾಡಿಕೊಳ್ಳುವ ಮಗುವಿನ ಉದಾಹರಣೆ ಕೊಡುತ್ತಾನೆ. ಕೈಯಲ್ಲಿರುವುದು ಕೋಲು, ಮನಸ್ಸು ಏರಿರುವುದು ಕುದುರೆ. ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳಲು ಮಗು ಕಲಿಯುವುದು ಹೀಗೆ ಎನ್ನುತ್ತಾನೆ. ಆದರೆ ಮಗು ಓಡುತ್ತಿರುವುದು ಏನನ್ನೋ ಕಲಿಯಲಿಕ್ಕಲ್ಲ, ಸವಾರಿಗೆ. ಬೆಳವಣಿಗೆ ಆಟದ ಬೆನ್ನಿಗೆ ತಾನಾಗಿ ಬರುತ್ತದೆ. ಗುಂಡಿ ಒತ್ತಿದರೆ ತಾನೇ ಕೆನೆದು ತಾನೇ ಓಡುವ ಕುದುರೆಯಾದರೆ, ಮಗುವಿಗೆ ಮಾಡಲು ಉಳಿಯುವುದು ಗುಂಡಿ ಒತ್ತುವುದಷ್ಟೇ.

ಇಷ್ಟು ಹೇಳಿ ‘ಹಾಗಾದರೆ ಕೋಲೇ ಸಾಕು’ ಎಂದುಬಿಡುವುದು ಸುಲಭ. ಅದು ಉಳ್ಳವರ ಮಾತಾದೀತು. ಶೂದ್ರಕನ ‘ಮೃಚ್ಛಕಟಿಕ’ ನಾಟಕಕ್ಕೆ ಹೆಸರು ಬಂದದ್ದೇ ಒಂದು ಆಟಿಕೆಯಿಂದ. ಬಡವನಾಗಿಹೋದ ಚಾರುದತ್ತನ ಮಗ ರೋಹಸೇನ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ಅವನಿಗೆ ನೆರೆಮನೆಯ ಹುಡುಗನಲ್ಲಿರುವಂಥ ಚಿನ್ನದ ಬಂಡಿಯೇ ಬೇಕು. ವಸಂತಸೇನೆ ತನ್ನ ಒಡವೆ ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬಿಕೊಡುತ್ತಾಳೆ. ಮುಂದೆ ಅದೇ ಒಡವೆ ನ್ಯಾಯಸ್ಥಾನದಲ್ಲಿ ಚಾರುದತ್ತನ ವಿರುದ್ಧ ಸಾಕ್ಷಿಯಾಗುತ್ತದೆ. ಮಣ್ಣಿನ ಬಂಡಿಯಲ್ಲಿ ಕಲ್ಪನೆಗೆ ಜಾಗ ಹೆಚ್ಚು ಎಂದು ಪಾಠ ಹೇಳಿದ್ದರೆ ಆ ಹುಡುಗನ ಅಳು ನಿಲ್ಲುತ್ತಿತ್ತೇ? ಸರಳವಾದುದನ್ನು ಆರಿಸಿಕೊಂಡವರು ಬೇರೆ, ಆರಿಸಿಕೊಳ್ಳಲು ಏನೂ ಇಲ್ಲದವರು ಬೇರೆ. ಪ್ರತಿ ಅಂಗನವಾಡಿಯಲ್ಲಿ ಮಕ್ಕಳ ಕೈಗೆಟುಕುವಂತೆ ಒಂದು ಬುಟ್ಟಿ ಆಟಿಕೆ ಇರಬೇಕು ಎನ್ನುವುದು ಬುದ್ಧಿ ಬೆಳವಣಿಗೆಯ ಮಾತಾಗುವ ಮೊದಲು ನ್ಯಾಯದ ಮಾತು. ಕೂಲಿಯಿಂದ ಸಂಜೆ ತಡವಾಗಿ ಮರಳುವ ತಾಯಿಗೆ ‘ಮಗುವಿನ ಜೊತೆ ಕೂತು ಆಡಿ’ ಎಂದು ಹೇಳುವಾಗಲೂ, ಆ ಹೊತ್ತನ್ನು ಅವಳಿಂದ ಕಿತ್ತುಕೊಂಡವರು ಯಾರೆಂದು ಕೇಳಬೇಕಾಗುತ್ತದೆ.

ಆಟಿಕೆ ಆರಿಸುವುದು ದೊಡ್ಡವರ ಹೊಣೆ. ಅದನ್ನು ಮಗುವಿನ ಮೇಲೆ ಹೊರಿಸಲಾಗದು. ಆರಿಸುವಾಗ ಇದು ಏನು ಕಲಿಸುತ್ತದೆ ಎನ್ನುವುದರ ಜೊತೆಗೆ, ಮಗು ಇದನ್ನು ಏನೇನು ಮಾಡಿಕೊಳ್ಳಬಹುದು ಎಂದೂ ನೋಡೋಣ. ಕೈಗೆ ಕೊಟ್ಟ ಮೇಲೆ ಯಜಮಾನಿಕೆಯನ್ನು ಅದಕ್ಕೇ ಬಿಡೋಣ. ಬಟ್ಟಲು ಟೋಪಿಯಾದರೆ ತಿದ್ದುವುದು ಬೇಡ. ಒಂದು ಮಧ್ಯಾಹ್ನವಿಡೀ ಆಡಿಯೂ ಅದು ಏನೂ ಕಲಿತಂತೆ ಕಾಣದಿದ್ದರೆ, ಆ ಮಧ್ಯಾಹ್ನ ವ್ಯರ್ಥವಾಯಿತು ಎನ್ನಲು ನಮಗೆ ಯಾವ ಅಧಿಕಾರವೂ ಇಲ್ಲ.