ಅಚೌರ್ಯವ್ರತ ಮತ್ತು ಅಂಗಡಿಯ ಲೆಕ್ಕ

ಶ್ರಾವಕನ ಜೀವನೋಪಾಯಗಳಲ್ಲಿ ವಾಣಿಜ್ಯಕ್ಕೆ ಪ್ರಾಚೀನ ಕಾಲದಿಂದಲೂ ಗೌರವದ ಸ್ಥಾನವಿದೆ. ಆದರೆ ಗಳಿಕೆಯ ಪ್ರಮಾಣಕ್ಕಿಂತ ಗಳಿಕೆಯ ಮಾರ್ಗವನ್ನೇ ಆಚಾರ್ಯರು ಮೊದಲು ವಿಚಾರಿಸಿದರು. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯಮಾರ್ಗದ ಧನಾರ್ಜನೆಯನ್ನೇ ಮೊದಲಿಗೆ ಇಟ್ಟಿವೆ. ನ್ಯಾಯವಾಗಿ ಗಳಿಸಬೇಕೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ವ್ಯಾಪಾರದ ಪರಿಸ್ಥಿತಿಯೇ ಸಣ್ಣವನ ಮೇಲೆ ಹೆಚ್ಚಿನ ಭಾರ ಹೊರಿಸಿರುವಾಗ ಅವನು ತನ್ನ ಲೆಕ್ಕವನ್ನು ಮರೆಮಾಚಿದರೆ ಅದು ಚೌರ್ಯವೋ, ಆತ್ಮರಕ್ಷಣೆಯೋ ಎಂಬಲ್ಲಿ ಮಾತ್ರ ಸಂಶಯ ಹುಟ್ಟುತ್ತದೆ. ಬೆಂಗಳೂರಿನ ಚಿಲ್ಲರೆ ವರ್ತಕರ ಮುಂದೆ 2025ರ ಜುಲೈ ತಿಂಗಳಲ್ಲಿ ಈ ಸಂಶಯವು ಪ್ರತ್ಯಕ್ಷವಾಗಿ ಬಂದು ನಿಂತಿತು.

1537ರಲ್ಲಿ ಕೆಂಪೇಗೌಡರು ನಿರ್ಮಿಸಿದರೆಂದು ಪ್ರಸಿದ್ಧವಾದ ಪೇಟೆಯೇ ಈ ನಗರದ ವ್ಯಾಪಾರದ ಮೂಲ. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ ಎಂಬ ಹೆಸರುಗಳಲ್ಲಿ ಆ ಕಾಲದ ಸರಕುಗಳ ನೆನಪು ಇಂದಿಗೂ ಉಳಿದಿದೆ. ಪೇಟೆಯ ಸಗಟು ಅಂಗಡಿಯಿಂದ ಸರಕು ಬಡಾವಣೆಯ ದಿನಸಿ ಅಂಗಡಿಗೂ ಕಾಂಡಿಮೆಂಟ್ಸ್ ಅಂಗಡಿಗೂ ಹೋಗುವುದು, ಅಲ್ಲಿಂದ ಮನೆಮನೆಗೆ ತಲುಪುವುದು ಹಳೆಯ ಕ್ರಮ. ಈ ಕ್ರಮವನ್ನು ಕಳೆದ ಕೆಲವು ದಶಕಗಳಲ್ಲಿ ಮೂರು ಶಕ್ತಿಗಳು ಅಲುಗಾಡಿಸಿವೆ.

ಮೊದಲನೆಯದು ಬಾಡಿಗೆ. ನಗರ ಬೆಳೆದಂತೆ ನೆಲದ ಬೆಲೆ ಏರಿತು. ನೆಲದ ಬೆಲೆಯೊಡನೆ ಅಂಗಡಿಯ ಬಾಡಿಗೆಯೂ ಮುಂಗಡವೂ ಏರಿದವು. ಮಾರಾಟ ಕುಗ್ಗಿದ ತಿಂಗಳಲ್ಲಿ ಬಾಡಿಗೆ ಕುಗ್ಗುವುದಿಲ್ಲ. ಎರಡನೆಯದು ದೊಡ್ಡ ಬಂಡವಾಳ. 2007ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯ ಸುಮಾರು ಶೇಕಡ 77ರಷ್ಟು ಪಾಲನ್ನು 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1600 ಕೋಟಿ ಡಾಲರಿಗೆ ಕೊಂಡಿತು. ಇಂದು ಹಾಲು, ಬ್ರೆಡ್ಡು, ಬೇಳೆಗಳನ್ನು ಕೆಲವೇ ನಿಮಿಷಗಳಲ್ಲಿ ಮನೆಬಾಗಿಲಿಗೆ ತರುವ ಸಂಸ್ಥೆಗಳು ಬಡಾವಣೆಗಳ ನಡುವೆಯೇ ದಾಸ್ತಾನು ಮಳಿಗೆಗಳನ್ನು ಹೊಂದಿವೆ. ಹಲವು ವರ್ಷಗಳ ನಷ್ಟವನ್ನು ಹೂಡಿಕೆದಾರರ ಹಣದಿಂದ ತುಂಬಿಕೊಳ್ಳಬಲ್ಲವನೊಡನೆ, ಒಂದು ತಿಂಗಳ ನಷ್ಟವನ್ನೂ ತಾಳಲಾರದವನು ಸ್ಪರ್ಧಿಸಬೇಕಾಗಿದೆ.

ಮೂರನೆಯದು ತೆರಿಗೆ ಮತ್ತು ಹಣಪಾವತಿಯ ಹೊಸ ರೀತಿ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದವು. ಅದೇ ವರ್ಷ ಬಳಕೆಗೆ ಬಂದಿದ್ದ ಯುಪಿಐ ಪಾವತಿ ಕ್ರಮೇಣ ಚಹದಂಗಡಿಯವರೆಗೂ ಹಬ್ಬಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಸರಕಿನ ವ್ಯಾಪಾರದಲ್ಲಿ ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ, ಸೇವೆಯಲ್ಲಿ 20 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ. 2025ರಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ, ಈ ಮಿತಿಯನ್ನು ಮೀರಿಯೂ ನೋಂದಾಯಿಸದ ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿತು. ಹಿಂದಿನ ಹಲವು ವರ್ಷಗಳ ತೆರಿಗೆಯನ್ನು ಒಟ್ಟಿಗೆ ಕೇಳಿದುದರಿಂದ ಭೀತಿ ಹಬ್ಬಿತು. ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳು ಮಾಯವಾಗಿ, ನಗದು ಮಾತ್ರವೆಂಬ ಚೀಟಿಗಳು ಕಾಣಿಸಿಕೊಂಡವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ ಮಿತಿ ಮೀರಿದವರು ನೋಂದಣಿ ಮಾಡಿಸಿಕೊಳ್ಳಲೇಬೇಕೆಂದೂ ತಿಳಿಸಿದರು. 25ರಂದು ನಡೆಯಬೇಕಿದ್ದ ಬಂದ್ ನಿಂತಿತು. ಬೀದಿಯ ವಿವಾದ ಮುಗಿಯಿತು. ಧರ್ಮದ ಪ್ರಶ್ನೆ ಉಳಿಯಿತು.

ವರ್ತಕನ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳಬೇಕು. ವರ್ಷಕ್ಕೆ 40 ಲಕ್ಷವೆಂದರೆ ದಿನಕ್ಕೆ ಸುಮಾರು 11,000 ರೂಪಾಯಿಗಳ ಮಾರಾಟ. ನೂರಕ್ಕೆ ಐದು ಉಳಿಯುವುದೆಂದು ಭಾವಿಸಿದರೆ ವರ್ಷದ ಲಾಭ ಎರಡು ಲಕ್ಷ. ಒಂದೂವರೆ ಕೋಟಿಯವರೆಗಿನ ವಹಿವಾಟಿನ ವರ್ತಕರಿಗೆ ಲಭ್ಯವಿರುವ ರಾಜಿ ತೆರಿಗೆ ಪದ್ಧತಿಯಲ್ಲಿ ತೆರಿಗೆಯು ಶೇಕಡ ಒಂದು ಮಾತ್ರ. ಆದರೆ ಅದನ್ನು ಗ್ರಾಹಕನಿಂದ ಪ್ರತ್ಯೇಕವಾಗಿ ಪಡೆಯುವಂತಿಲ್ಲ. ಮಾರಿದುದೆಲ್ಲವೂ ತೆರಿಗೆಗೆ ಒಳಪಟ್ಟ ಸರಕಾದರೆ ಎರಡು ಲಕ್ಷದ ಲಾಭದಲ್ಲಿ 40,000 ರೂಪಾಯಿ ಹೋಗುತ್ತದೆ. ವಹಿವಾಟಿನ ದೃಷ್ಟಿಯಿಂದ ಒಂದು ಪಾಲಾದದ್ದು ಲಾಭದ ದೃಷ್ಟಿಯಿಂದ ಐದರಲ್ಲಿ ಒಂದು ಪಾಲು. ಸಣ್ಣ ವರ್ತಕನ ಅಳಲು ಕೇವಲ ನೆಪವಲ್ಲವೆಂಬುದಕ್ಕೆ ಇಷ್ಟು ಸಾಕು.

ಆದರೂ ವ್ರತದ ವಿಚಾರವು ಅಳಲಿನಿಂದ ಮುಗಿಯುವುದಿಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದೆಂದು ಇದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮತ್ತೊಂದು ಕಡೆಗೂ ಬೆಳಕು ಚೆಲ್ಲಿದ್ದಾರೆ: ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ಬಗೆಯಿಂದ ಪಡೆಯುವುದೇ ಅತಿಕ್ರಮ, ರಾಜ್ಯವ್ಯವಸ್ಥೆ ಕದಡಿದ ಕಾಲದಲ್ಲಿ ಬೆಲೆಬಾಳುವ ವಸ್ತುಗಳನ್ನು ಅಲ್ಪ ಬೆಲೆಗೆ ದಕ್ಕಿಸಿಕೊಳ್ಳಲು ಯತ್ನಿಸುವುದು ಅದರ ನಿದರ್ಶನ. ಈ ವಿವರಣೆಯ ಅಲಗು ಎರಡೂ ಕಡೆಗೆ ಹರಿತವಾಗಿದೆ. ತೆರಿಗೆ ತಪ್ಪಿಸುವವನನ್ನು ಅದು ಬಿಡುವುದಿಲ್ಲ. ನೆರೆಯವನ ಅಂಗಡಿ ಮುಚ್ಚಲೆಂದೇ ಅಸಲಿಗಿಂತ ಕಡಮೆಗೆ ಮಾರಿ, ಅನಂತರ ತಾನೊಬ್ಬನೇ ಬೆಲೆ ಕಟ್ಟಲು ಕಾಯುವವನನ್ನೂ ಬಿಡುವುದಿಲ್ಲ. ಕಾನೂನು ಒಪ್ಪಿದುದೆಲ್ಲವೂ ನ್ಯಾಯವಾಗಬೇಕೆಂದಿಲ್ಲ.

ಚೌರ್ಯದ ನಿರ್ಣಯದಲ್ಲಿ ಭಾವವೇ ಮುಖ್ಯ. ಪ್ರಮಾದಯುಕ್ತವಾದ ಮನಸ್ಸಿನಿಂದ, ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯ. ನೋಂದಣಿಯ ಮಿತಿಯನ್ನೇ ಅರಿಯದೆ, ಹಾಲು ತರಕಾರಿಗಳಿಗೆ ತೆರಿಗೆಯಿಲ್ಲದ ಕಾರಣ ತನಗೆ ಈ ಕಾನೂನೇ ಅನ್ವಯಿಸದೆಂದು ನಂಬಿದ್ದವನದು ಅಜ್ಞಾನ. ಅದು ದೋಷವೇ ಆದರೂ ಕಪಟವಲ್ಲ. ಆದರೆ ನೋಟೀಸು ಬಂದ ಮೇಲೆ, ವಹಿವಾಟು ಕಾಣಿಸದಿರಲೆಂದು ಫಲಕವನ್ನು ಕಿತ್ತವನ ಸ್ಥಿತಿ ಬೇರೆ. ಹಣವನ್ನು ನಗದಾಗಿ ಪಡೆಯುವುದು ಪಾಪವಲ್ಲ. ಲೆಕ್ಕದಿಂದ ತಪ್ಪಿಸಲು ನಗದನ್ನೇ ಆರಿಸಿಕೊಳ್ಳುವುದು ಮಾಯಾಕಷಾಯ. ನಿನ್ನೆಯವರೆಗೆ ಅಜ್ಞಾನವಾಗಿದ್ದುದು ಇಂದು ಸಂಕಲ್ಪವಾಗುತ್ತದೆ. ದೊಡ್ಡ ಸಂಸ್ಥೆಯ ಅನ್ಯಾಯವನ್ನು ತೋರಿಸಿ ಇದನ್ನು ಸಮರ್ಥಿಸಲಾಗದು, ಏಕೆಂದರೆ ಕರ್ಮಬಂಧವು ಅವರವರ ಪರಿಣಾಮವನ್ನು ಅನುಸರಿಸುತ್ತದೆಯೇ ಹೊರತು ನೆರೆಯವನ ಪರಿಣಾಮವನ್ನಲ್ಲ.

ಇಲ್ಲಿಗೆ ನಿಲ್ಲಿಸಿದರೆ ವಿಚಾರವು ಅರ್ಧವಾಗುತ್ತದೆ. ದುರ್ಬಲನಿಗೆ ಉಪದೇಶ ಹೇಳಿ ಬಲವಂತನನ್ನು ಬಿಟ್ಟಂತಾಗುತ್ತದೆ. ಕೃತ, ಕಾರಿತ, ಅನುಮೋದಿತವೆಂದು ಕ್ರಿಯೆಯು ಮೂರು ಬಗೆ. ಸಣ್ಣ ಅಂಗಡಿಯವನ ಸುಳ್ಳು ಲೆಕ್ಕವು ಅವನೊಬ್ಬನ ಕೃತವಲ್ಲ. ಬಿಲ್ಲಿಲ್ಲದೆ ಸರಕು ಕೊಡುವ ಸಗಟು ವರ್ತಕನು ಅದನ್ನು ಮಾಡಿಸುತ್ತಾನೆ. ಏಕೆಂದರೆ ಕೊಂಡುದಕ್ಕೆ ಬಿಲ್ಲಿಲ್ಲದವನು ಮಾರಿದುದಕ್ಕೆ ಸರಿಯಾದ ಲೆಕ್ಕ ಕೊಡುವುದು ದುಸ್ಸಾಧ್ಯ. ಬಾಡಿಗೆಯ ಒಂದು ಭಾಗವನ್ನು ಲೆಕ್ಕದ ಹೊರಗೆ ನಗದಾಗಿ ಕೇಳುವ ಕಟ್ಟಡದ ಒಡೆಯನೂ ಮಾಡಿಸುತ್ತಾನೆ. ಬಿಲ್ಲು ಬೇಡ, ಬೆಲೆ ಇಳಿಸಿ ಎನ್ನುವ ಗ್ರಾಹಕನು ಅನುಮೋದಿಸುತ್ತಾನೆ. ನೋಟೀಸು ಮಾತ್ರ ಸರಪಣಿಯ ಕೊನೆಯ, ಅತಿ ತೆಳುವಾದ ಕೊಂಡಿಗೆ ಬರುತ್ತದೆ.

ಚಿಕ್ಕಪೇಟೆ ಮತ್ತು ಅದರ ಸುತ್ತಲಿನ ಸಗಟು ವ್ಯಾಪಾರದಲ್ಲಿ ಜೈನ ವರ್ತಕರ ಪಾಲು ಗಣನೀಯವಾದುದು. ಆದುದರಿಂದ ಈ ಪ್ರಶ್ನೆಯು ಸಮಾಜಕ್ಕೆ ದೂರದ್ದಲ್ಲ. ಪ್ರತಿಯೊಂದು ಮಾರಾಟಕ್ಕೂ ಬಿಲ್ಲು ಕೊಡುವುದು, ಕಾನೂನು ತಿಳಿಯದ ಸಣ್ಣ ಗಿರಾಕಿಗೆ ನೋಂದಣಿಯ ದಾರಿ ತೋರಿಸುವುದು, ಸಾಲದ ಗಡುವಿನಲ್ಲಿ ಕರುಣೆ ತೋರುವುದು ಸಗಟು ವರ್ತಕನಿಗೆ ಸಾಧ್ಯವಾದ ಅಚೌರ್ಯ. ಬಾಡಿಗೆಗೆ ತಾನೇ ಒಂದು ಮೇರೆ ಹಾಕಿಕೊಳ್ಳುವುದು ಕಟ್ಟಡದ ಒಡೆಯನಿಗೆ ಸಾಧ್ಯವಾದ ಪರಿಗ್ರಹಪರಿಮಾಣ. ಗೃಹಸ್ಥನಿಗೆ ವಿಧಿಸಿದ ವ್ರತವು ಸಂಪತ್ತನ್ನು ಪೂರ್ತಿ ತ್ಯಜಿಸೆನ್ನುವುದಿಲ್ಲ. ಇಷ್ಟು ಸಾಕೆಂದು ಮೊದಲೇ ಗೆರೆ ಎಳೆದುಕೊಳ್ಳೆನ್ನುತ್ತದೆ. ಮೇಲಿರುವವನು ಆ ಗೆರೆಯನ್ನು ಎಳೆದುಕೊಂಡಾಗ ಕೆಳಗಿರುವವನಿಗೆ ಸತ್ಯವಾಗಿ ಬದುಕಲು ಸ್ವಲ್ಪ ಎಡೆ ದೊರೆಯುತ್ತದೆ.

ಸರ್ಕಾರಕ್ಕೂ ಹೇಳಬೇಕಾದ ಮಾತಿದೆ. ತಿಳಿಸುವ ಮೊದಲೇ ದಂಡಿಸುವ ರಾಜ್ಯವು ಪ್ರಜೆಗಳಿಗೆ ಮರೆಮಾಚುವಿಕೆಯನ್ನು ಕಲಿಸುತ್ತದೆ. ಆದರೂ ಶ್ರಾವಕನು ತನ್ನ ಶುದ್ಧಿಗಾಗಿ ರಾಜ್ಯದ ಶುದ್ಧಿಯನ್ನು ಕಾಯುತ್ತ ಕೂಡಬೇಕಾಗಿಲ್ಲ. ಅಂಗಡಿಯ ಲೆಕ್ಕವನ್ನು ಅಧಿಕಾರಿ ವರ್ಷಕ್ಕೊಮ್ಮೆ ನೋಡಬಹುದು, ನೋಡದೆಯೂ ಇರಬಹುದು. ಬರೆದವನು ಮಾತ್ರ ಅದನ್ನು ಪ್ರತಿದಿನವೂ ಬಲ್ಲನು. ಪ್ರತಿಕ್ರಮಣದ ವೇಳೆ ಅದನ್ನು ತೆರೆದು ನೋಡಲು ಹಿಂಜರಿಯದಂಥ ವ್ಯಾಪಾರವೇ ನ್ಯಾಯದ ವ್ಯಾಪಾರ.