ಮರಳಿ ಸಿಕ್ಕಿದ ಆಯುಷ್ಯ



ಮೊಬೈಲ್ ನೋಡುತ್ತಾ ಓಡಿಸಿದ ಕಾರು ನಜ್ಜುಗುಜ್ಜಾಯಿತು. ಒಳಗಿದ್ದ ನೀವು ಬದುಕಿದಿರಿ. ಅಲ್‌ಹಮ್ದುಲಿಲ್ಲಾಹ್! ಮನೆಯವರು ಸದಕಾ ಕೊಟ್ಟರು, ತಾಯಿ ಕೃತಜ್ಞತೆಯ ಸುಜೂದ್‌ಗೆರಗಿದರು. ಆದರೆ ಪ್ಲಾಸ್ಟರ್ ಬಿಚ್ಚಿದ ವಾರವೇ ಆ ಕೈ ಮತ್ತೆ ಮೊಬೈಲಿನತ್ತ ಹೋದರೆ ಅದು ಎಂತಹ ಕೃತಜ್ಞತೆ?

ವಾಹನವೇರುವಾಗ ನಾವು ಓದುವ ದುಆ ಸೂರಃ ಝುಖ್ರುಫ್‌ನದು. ವಾಹನ ನಮಗೆ ಅಧೀನವಾದುದು ನಮ್ಮ ಬಲದಿಂದಲ್ಲ, ನಾವು ಮರಳಬೇಕಾದುದು ಅಲ್ಲಾಹನ ಕಡೆಗೇ ಎಂಬುದು ಅದರ ತಾತ್ಪರ್ಯ. ನಾಲಿಗೆ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಬೆರಳು ವಾಟ್ಸಾಪ್ ತೆರೆದಿರುತ್ತದೆ! ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. 3 ಸೆಕೆಂಡು ಪರದೆ ನೋಡಿದರೆ 66 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಆ ಅಂತರದಲ್ಲಿ ಮದ್ರಸಾ ಬಿಟ್ಟು ಬರುವ ಮಕ್ಕಳಿರಬಹುದು.

ಎಲ್ಲವೂ ವಿಧಿ ಎನ್ನುತ್ತೀರಾ? ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನಲ್ಲಿ ಭರವಸೆಯಿಡಲು ಪ್ರವಾದಿ(ಸ) ಕಲಿಸಿದರು. ಉದ್ದೇಶವಿಲ್ಲದೆ ನಡೆದ ಕೊಲೆಗೂ ಸೂರಃ ನಿಸಾದ 92ನೇ ಸೂಕ್ತ ಪರಿಹಾರಧನವನ್ನೂ ಪ್ರಾಯಶ್ಚಿತ್ತವನ್ನೂ ವಿಧಿಸಿದೆ. ಗುಲಾಮನನ್ನು ಬಿಡುಗಡೆಗೊಳಿಸಲಾಗದವನು ಎರಡು ತಿಂಗಳು ನಿರಂತರ ಉಪವಾಸವಿರಬೇಕು. 'ಬೇಕೆಂದು ಮಾಡಿದ್ದಲ್ಲ' ಎಂದರೆ ಹೊಣೆ ತಪ್ಪದು.

ಮನೆಯವರೇ, 'ಎಲ್ಲಿಗೆ ಮುಟ್ಟಿದಿರಿ?' ಎಂದು ಹತ್ತು ಸಲ ಫೋನ್ ಮಾಡುವವರು ನೀವೇ ತಾನೇ? ಇನ್ನು ಬೇಡ. ಗಾಡಿಯನ್ನು ಬದಿಗೆ ನಿಲ್ಲಿಸಿ ಅವರೇ ಮಾಡಲಿ.